ವಿಮಾನ ನಡೆಸುವವರ ನಿದ್ದೆ ಮತ್ತು ಮಾತು

ನಾನು ಅಸಂಗಿಯವನು. ಬ್ಯಾಂಕಿನಲ್ಲಿ ಕಾರಕೂನನಾಗಿ ನೌಕರಿ ಮಾಡಿ ನಿವೃತ್ತನಾದವನು. ಈ ಸಲ ವಿಮಾನದ ಬಗ್ಗೆ ಮಾತನಾಡುತ್ತೇನೆ ಎಂದು ಹೇಳಿದಾಗ ಊರಿನಲ್ಲಿ ಕೆಲವರು ನಕ್ಕರು. ನಮ್ಮೂರಿಗೆ ಬಸ್ಸು ಹೊತ್ತಿಗೆ ಬಂದರೆ ಸಾಕಾಗಿದೆ, ನಿಮಗೆ ವಿಮಾನದ ಚಿಂತೆ ಏಕೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನಾನು ಹೇಳಹೊರಟಿರುವುದು ಯಂತ್ರದ ವಿಷಯವನ್ನಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಕೆಲಸ ಮಾಡುವವನ ಕಣ್ಣಿನ ವಿಷಯ, ಒಬ್ಬ ಹೇಳಿದ್ದು ಇನ್ನೊಬ್ಬನ ಕಿವಿಗೆ ಹೇಗೆ ಬೀಳುತ್ತದೆ ಎಂಬ ವಿಷಯ. ಇವೆರಡೂ ನಮಗೆ ಹೊಸವಲ್ಲ. ರಾತ್ರಿ ಪಾಳಿಯ ಕರೆಂಟು ಬಂದಾಗ ಎದ್ದು ಹೊಲಕ್ಕೆ ನೀರು ಹಾಯಿಸುವವರು ತಾವು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡು ರಾತ್ರಿಯೆಲ್ಲ ಟ್ರ್ಯಾಕ್ಟರು ಓಡಿಸುವ ಹುಡುಗರು ನಮ್ಮ ತಾಲೂಕಿನಲ್ಲಿಯೂ ಇದ್ದಾರೆ. ಬೆಳಗಿನ ಝಾವ ಮೂರರಿಂದ ಐದರ ಹೊತ್ತು ಎಂಥದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಮಂಗಳೂರಿನ ಸಂಗತಿ ಹೇಳುತ್ತೇನೆ. 2010ರ ಮೇ 22, ಶನಿವಾರ. ದುಬೈನಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೆಯ ನಂಬರಿನ ವಿಮಾನ ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ ಬಜ್ಪೆ ನಿಲ್ದಾಣದಲ್ಲಿ ಇಳಿಯಬೇಕಾಗಿತ್ತು. ಅದರಲ್ಲಿ 160 ಪ್ರಯಾಣಿಕರು, 6 ಮಂದಿ ಸಿಬ್ಬಂದಿ. ಮಂಗಳೂರಿನವರು, ಕಾಸರಗೋಡಿನವರು, ಕೊಲ್ಲಿ ದೇಶದಲ್ಲಿ ದುಡಿದು ಮನೆಗೆ ಬರುತ್ತಿದ್ದವರು ಬಹಳ. ಬಜ್ಪೆಯ ನಿಲ್ದಾಣ ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ್ದು. 1951ರಲ್ಲಿ ಶುರುವಾದದ್ದು. 2450 ಮೀಟರ್ ಉದ್ದದ ಹೊಸ ಓಡುಹಾದಿ 2006ರಲ್ಲಿ ಬಳಕೆಗೆ ಬಂತು. ಹಾದಿ ಮುಗಿದ ಕಡೆ ಸ್ವಲ್ಪ ಜಾಗ, ಆಮೇಲೆ ಕಣಿವೆ. ಅಂದು ಗಾಳಿ ಇರಲಿಲ್ಲ, ಮಳೆ ಇರಲಿಲ್ಲ, ಆರು ಕಿಲೋಮೀಟರ್ ದೂರ ಕಣ್ಣಿಗೆ ಕಾಣುತ್ತಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ. ಆದರೂ ವಿಮಾನ ಹಾದಿಯ ಕೊನೆ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 158 ಜನ ತೀರಿಕೊಂಡರು. ಬದುಕಿದವರು ಎಂಟೇ ಜನ.

ಏಕೆ ಹೀಗಾಯಿತು ಎಂದು ನೋಡಲು ಸರ್ಕಾರ ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ನ್ಯಾಯಾಲಯ ನೇಮಿಸಿತು. ವಿಮಾನದ ಮುಂಭಾಗದಲ್ಲಿ, ಅಂದರೆ ಕಾಕ್‌ಪಿಟ್‌ನಲ್ಲಿ, ಆಡಿದ ಮಾತೆಲ್ಲ ಒಂದು ಪೆಟ್ಟಿಗೆಯಲ್ಲಿ ಮುದ್ರಣವಾಗುತ್ತದೆ. ಆ ವಿಮಾನದ ಪೆಟ್ಟಿಗೆಯಲ್ಲಿ ಕೊನೆಯ ಎರಡು ತಾಸು ಐದು ನಿಮಿಷದ ದನಿ ಇತ್ತು. ಅದರಲ್ಲಿ ಮೊದಲಿನ ಒಂದು ತಾಸು ನಲವತ್ತು ನಿಮಿಷದ ತನಕ ಕ್ಯಾಪ್ಟನ್ನರ ಮಾತು ಇಲ್ಲ. ದೀರ್ಘವಾದ ಉಸಿರು, ಗೊರಕೆ. ರೇಡಿಯೋದಲ್ಲಿ ನೆಲದವರೊಡನೆ ಮಾತನಾಡಿದ್ದೆಲ್ಲ ಪಕ್ಕದ ಕುರ್ಚಿಯ ಸಹಪೈಲಟ್.

ಕ್ಯಾಪ್ಟನ್ ಝ್ಲಾಟ್ಕೊ ಗ್ಲುಸಿಕಾ, ಸರ್ಬಿಯಾ ಮೂಲದವರು, ಹತ್ತು ಸಾವಿರ ತಾಸಿಗೂ ಮೀರಿ ವಿಮಾನ ನಡೆಸಿದವರು. ಸಹಪೈಲಟ್ ಎಚ್. ಎಸ್. ಅಹ್ಲುವಾಲಿಯಾ. ಇಬ್ಬರೂ ಹಿಂದಿನ ರಾತ್ರಿ ಇದೇ ಮಂಗಳೂರಿನಿಂದ ದುಬೈಗೆ ವಿಮಾನ ಒಯ್ದು, ಅಲ್ಲಿ ಇಳಿಸಿ, ಹತ್ತಿಸಿ, ಹಾಗೆಯೇ ಹಿಂದಿರುಗುತ್ತಿದ್ದರು. ಒಂದು ಮಾತು ಸ್ಪಷ್ಟ ಮಾಡಬೇಕು. ಕಂಪನಿ ಅವರನ್ನು ವಿಶ್ರಾಂತಿ ಕೊಡದೆ ದುಡಿಸಿತ್ತು ಎಂದು ವರದಿ ಹೇಳುವುದಿಲ್ಲ. ಹೊರಡುವ ಮುಂಚೆ ಕ್ಯಾಪ್ಟನ್ನರಿಗೆ ಸಾಕಷ್ಟು ಬಿಡುವು ಇತ್ತು ಎಂದೇ ಬರೆದಿದೆ. ಹಾಗಿದ್ದೂ ನಿದ್ದೆ ಬಂತು. ಬಿಡುವಿನ ತಾಸು ಕಾಗದದ ಮೇಲೆ ಎಷ್ಟೇ ಇರಲಿ, ರಾತ್ರಿ ಎರಡರಿಂದ ಬೆಳಿಗ್ಗೆ ಆರರ ತನಕ ಮನುಷ್ಯನ ಮೈಯೊಳಗಿನ ಗಡಿಯಾರ ತಗ್ಗಿಗೆ ಇಳಿದಿರುತ್ತದೆ. ಮೈ ತಣ್ಣಗಾಗುತ್ತದೆ, ಬುದ್ಧಿ ಮಂದವಾಗುತ್ತದೆ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಒಂದು ಪರೀಕ್ಷೆ ಮಾಡಿ ತೋರಿಸಿದರು: ಹದಿನೇಳು ತಾಸು ನಿದ್ದೆಯಿಲ್ಲದೆ ಇದ್ದವನ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ. ಕುಡಿದವನ ಕೈಗೆ ಟ್ರ್ಯಾಕ್ಟರಿನ ಕೀಲಿ ಕೊಡಬಾರದೆಂದು ನಾವು ಜಗಳವಾಡುತ್ತೇವೆ. ನಿದ್ದೆಗೆಟ್ಟವನಿಗೆ ನಾವೇ ಚಹಾ ಕುಡಿಸಿ, ಇನ್ನೊಂದು ಖೇಪು ಹೊಡೆದು ಬಾ ಎನ್ನುತ್ತೇವೆ.

ನಿದ್ದೆ ಮಾಡಿ ಎದ್ದರಲ್ಲ, ಮತ್ತೇನು ತೊಂದರೆ ಎಂದು ತಾವು ಕೇಳಬಹುದು. ತೊಂದರೆ ಅಲ್ಲಿಯೇ ಇದೆ. ಇಪ್ಪತ್ತು, ಇಪ್ಪತ್ತೈದು ನಿಮಿಷದ ಸಣ್ಣ ನಿದ್ದೆ ಮನುಷ್ಯನನ್ನು ಚುರುಕು ಮಾಡುತ್ತದೆ. ಅಮೆರಿಕದ ನಾಸಾ ಸಂಸ್ಥೆ ದೂರ ಹಾರುವ ಪೈಲಟ್‌ಗಳ ಮೇಲೆ ಪರೀಕ್ಷೆ ಮಾಡಿ ಇದನ್ನು ಹೇಳಿದೆ. ಆದರೆ ನಿದ್ದೆ ತಾಸುಗಟ್ಟಲೆ ಬೆಳೆದು ಆಳಕ್ಕೆ ಹೋದ ಮೇಲೆ ಎಬ್ಬಿಸಿದರೆ ಕಣ್ಣು ತೆರೆದಿರುತ್ತದೆ, ಬುದ್ಧಿ ಇನ್ನೂ ಹಾಸಿಗೆಯಲ್ಲಿರುತ್ತದೆ. ಮಧ್ಯಾಹ್ನ ಹೆಚ್ಚು ಮಲಗಿ ಎದ್ದವನು ಬೆಳಗಾಯಿತೋ ಸಂಜೆಯಾಯಿತೋ ತಿಳಿಯದೆ ಹಲ್ಲು ಉಜ್ಜಲು ಹೊರಡುತ್ತಾನಲ್ಲ, ಅದೇ ಮಂಪರು. ಮಂಗಳೂರಿನ ಕ್ಯಾಪ್ಟನ್ನರಿಗೂ ಈ ಮಂಪರು ಇದ್ದಿರಬಹುದು, ಆದ್ದರಿಂದ ತೀರ್ಮಾನ ತಪ್ಪಿರಬಹುದು ಎಂದು ವರದಿ ಹೇಳುತ್ತದೆ.

ಇನ್ನು ನೆಲದವರ ಕಡೆಗೆ ಬರೋಣ. ಮಂಗಳೂರಿನ ರಾಡಾರ್ ಮೇ 20ರಿಂದ ಕೆಟ್ಟಿತ್ತು. ಬ್ಯಾಂಕಿನಲ್ಲಿ ಕಂಪ್ಯೂಟರ್ ನಿಂತಾಗ ನಾವು ಹಳೆಯ ಖಾತೆಪುಸ್ತಕ ತೆಗೆದು ಕೈಯಿಂದ ಕೆಲಸ ನಡೆಸುತ್ತಿದ್ದೆವು. ವಿಮಾನ ನಿಯಂತ್ರಕರಿಗೂ ಅಂಥ ಒಂದು ಕೈಲೆಕ್ಕದ ಪದ್ಧತಿ ಇದೆ. ಅದರಲ್ಲಿ ವಿಮಾನಗಳ ನಡುವೆ ಅಂತರ ಹೆಚ್ಚು ಇಡಬೇಕಾಗುತ್ತದೆ. ಹೀಗಾಗಿ ಕೆಳಗಿಳಿಯಲು ಅಪ್ಪಣೆ ಎಂದಿಗಿಂತ ತಡವಾಗಿ, ನಿಲ್ದಾಣ ಹತ್ತಿರ ಬಂದ ಮೇಲೆ ಸಿಕ್ಕಿತು. ತಡವಾಗಿ ಇಳಿಯತೊಡಗಿದ ವಿಮಾನ ಬೇಗ ಬೇಗ ಇಳಿಯಬೇಕು. ಅನುಭವಿ ಪೈಲಟ್‌ಗೆ ಅದು ಅಸಾಧ್ಯವಾದ ಕೆಲಸವೇನಲ್ಲ. ಆದರೆ ಆ ಲೆಕ್ಕ ಹಾಕಲು ತಲೆ ತಿಳಿಯಾಗಿರಬೇಕು. ಅಂದು ನಿಲ್ದಾಣ ಸಮೀಪಿಸಿದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು.

ಆಗ ಟವರಿನವರು ಒಂದು ಪ್ರಶ್ನೆ ಕೇಳಿದರು. ಇಳಿಯುವ ಸರಿಯಾದ ಹಾದಿಗೆ ಬಂದು ಕೂತಿದ್ದೀರಾ, ಖಚಿತಪಡಿಸಿ ಎಂದು. ಹೌದೆಂದು ಹೇಳು ಎಂದು ಕ್ಯಾಪ್ಟನ್ ಸಹಪೈಲಟ್‌ಗೆ ಒತ್ತಿ ಹೇಳಿದರು. ಸಹಪೈಲಟ್ ಹೌದೆಂದರು. ಟವರಿನವರು ಇಳಿಯಲು ಅಪ್ಪಣೆ ಕೊಟ್ಟು, ಗಾಳಿ ಶಾಂತವಾಗಿದೆ ಎಂದರು. ರಾಡಾರ್ ಇಲ್ಲದ ದಿನ ವಿಮಾನ ಎಷ್ಟು ಎತ್ತರದಲ್ಲಿದೆ ಎಂಬುದು ನೆಲದವನಿಗೆ ತಿಳಿಯುವುದು ಮೇಲಿನವನ ಬಾಯಿಂದ. ಪ್ರಶ್ನೆ ಸರಿಯಾಗಿತ್ತು, ಭಾಷೆ ಸ್ಪಷ್ಟವಾಗಿತ್ತು, ಉತ್ತರವೂ ಬಂತು. ಉತ್ತರ ನಿಜವಾಗಿರಲಿಲ್ಲ, ಅಷ್ಟೇ. ಈ ಒಂದು ‘ಹೌದು’ ನನ್ನನ್ನು ಬಹಳ ಕಾಡಿದೆ. ವಿಮಾನ ಬಿದ್ದದ್ದು ಅದೊಂದರಿಂದಲೇ ಎಂದು ನಾನು ಹೇಳುವುದಿಲ್ಲ. ಆದರೆ ‘ಇಲ್ಲ, ಇನ್ನೂ ಮೇಲಿದ್ದೇವೆ’ ಎಂದಿದ್ದರೆ ಕೆಳಗಿನವನು ಅಪ್ಪಣೆ ಕೊಡುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಮುಂದಿನದು ಇನ್ನೂ ಸಂಕಟದ್ದು. ವಿಮಾನ ಶಾಸ್ತ್ರದಲ್ಲಿ ‘ಗೋ ಅರೌಂಡ್’ ಎಂಬ ಮಾತಿದೆ. ಇಳಿಯುವುದು ಸರಿ ಹೊಂದದಿದ್ದರೆ ಬಿಟ್ಟು ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರುವುದು. ಇಕ್ಕಟ್ಟಾದ ಗೇಟಿನೊಳಗೆ ಟ್ರೇಲರು ಓರೆಯಾಗಿ ನುಗ್ಗಿದರೆ ಹಿಂದೆ ತೆಗೆದುಕೊಂಡು ನೇರ ಮಾಡಿ ಬರುತ್ತೇವಲ್ಲ, ಹಾಗೆ. ಅದರಲ್ಲಿ ಅವಮಾನವಿಲ್ಲ. ಸಹಪೈಲಟ್ ಮೂರು ಸಲ ಗೋ ಅರೌಂಡ್ ಎಂದರು. ಮೊದಲನೆಯ ಸಲ ಅದು ಪ್ರಶ್ನೆಯ ದನಿಯಲ್ಲಿ ಬಂದಿತ್ತು. ಯಂತ್ರವೂ ಇಳಿಯುವ ವೇಗ ಹೆಚ್ಚಾಗಿದೆ, ಮೇಲೆತ್ತು ಎಂದು ಮತ್ತೆ ಮತ್ತೆ ಕೂಗಿತು. ಕ್ಯಾಪ್ಟನ್ ಬಿಡಲಿಲ್ಲ. 2450 ಮೀಟರಿನ ಹಾದಿಯಲ್ಲಿ ಸುಮಾರು 1600 ಮೀಟರ್ ಕಳೆದ ಮೇಲೆ ಗಾಲಿ ನೆಲಕ್ಕೆ ತಾಗಿತು. ಹಾದಿ ಉಳಿದಿಲ್ಲ ಎಂದು ಸಹಪೈಲಟ್ ಹೇಳಿದರು. ಆಮೇಲೆ ಕ್ಯಾಪ್ಟನ್ ಮೇಲೇರಲು ನೋಡಿದರು. ಹೊತ್ತು ಮೀರಿತ್ತು. ಹಾದಿಯಾಚೆ ಇದ್ದ ಆಂಟೆನಾದ ಕಾಂಕ್ರೀಟು ಕಟ್ಟೆಗೆ ರೆಕ್ಕೆ ಬಡಿಯಿತು.

ಸಹಪೈಲಟ್ ತಾವೇ ಏಕೆ ಹಿಡಿಕೆ ಹಿಡಿದು ಮೇಲೆತ್ತಲಿಲ್ಲ? ಸಹಪೈಲಟ್‌ಗೆ ಆ ಅಧಿಕಾರವಿದೆಯೋ ಇಲ್ಲವೋ ಎಂಬ ಬಗ್ಗೆ ಸೂಚನೆಗಳಲ್ಲಿ ಗೊಂದಲವಿತ್ತು, ಬಹುಶಃ ಅದಕ್ಕಾಗಿ ಎಂದು ವರದಿ ಬರೆದಿದೆ. ನನಗೆ ಬ್ಯಾಂಕಿನ ಮಾತು ನೆನಪಾಗುತ್ತದೆ. ಬ್ಯಾಂಕಿನಲ್ಲಿ ಒಬ್ಬ ಬರೆಯುತ್ತಾನೆ, ಇನ್ನೊಬ್ಬ ನೋಡಿ ಸಹಿ ಹಾಕುತ್ತಾನೆ. ಎರಡು ಕಣ್ಣಿಗಿಂತ ನಾಲ್ಕು ಕಣ್ಣು ಮೇಲು ಎಂಬ ಲೆಕ್ಕ. ಮ್ಯಾನೇಜರ್ ಸಾಹೇಬರ ವೋಚರಿನಲ್ಲಿ ಅಂಕಿ ತಪ್ಪಿದ್ದರೆ ಕಾರಕೂನ ತಡೆದು ನಿಲ್ಲಿಸಬೇಕು ಎಂದು ನಿಯಮವಿದೆ. ನಿಯಮ ಇದೆ, ಆದರೆ ‘ಸಾಹೇಬರೇ, ಇದು ಸ್ವಲ್ಪ ನೋಡ್ತೀರಾ’ ಎಂದು ತಲೆ ಕೆರೆಯುತ್ತ ಹೇಳುವುದಕ್ಕೂ, ‘ಇದು ತಪ್ಪಿದೆ, ನಾನು ಹಣ ಕೊಡುವುದಿಲ್ಲ’ ಎನ್ನುವುದಕ್ಕೂ ಎಷ್ಟು ದೂರವಿದೆ ಎಂದು ನೌಕರಿ ಮಾಡಿದವರಿಗೆ ಗೊತ್ತು. ಬ್ಯಾಂಕಿನಲ್ಲಿ ಆ ದೂರ ನಡೆಯಲು ಒಂದು ದಿನ ಸಿಗುತ್ತದೆ. ವಿಮಾನದಲ್ಲಿ ಕೆಲವು ಸೆಕೆಂಡು.

ಬೇಸರದ ಸಂಗತಿ ಎಂದರೆ, ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರಂದು ಕೇರಳದ ಕೋಳಿಕ್ಕೋಡಿನ ಕರಿಪ್ಪೂರಿನಲ್ಲಿ ಇದೇ ಕಂಪನಿಯ ವಿಮಾನ ಮಳೆಯಲ್ಲಿ ಇಳಿಯುವಾಗ ಹಾದಿ ದಾಟಿ ಕೆಳಗೆ ಬಿತ್ತು. ಅದೂ ಗುಡ್ಡದ ತಲೆಯ ಮೇಲಿನ ನಿಲ್ದಾಣ. 21 ಜನ ತೀರಿಕೊಂಡರು. ಅಲ್ಲಿಯೂ ಸಹಪೈಲಟ್ ಗೋ ಅರೌಂಡ್ ಎಂದಿದ್ದರು ಎಂದು ತನಿಖೆಯ ವರದಿ ಹೇಳುತ್ತದೆ.

ಈಗ ಭಾಷೆಯ ಮಾತು. ಗಡಿಯ ಜನ ನಾವು ಇದನ್ನು ಬೇರೆಯವರಿಗಿಂತ ಚೆನ್ನಾಗಿ ತಿಳಿಯುತ್ತೇವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ನಮ್ಮ ‘ಹತ್ತಿ’ ಹೊಲದಲ್ಲಿ ಬೆಳೆಯುತ್ತದೆ, ಮರಾಠಿಯ ‘ಹತ್ತಿ’ಗೆ ಸೊಂಡಿಲಿದೆ. ಮರಾಠಿಯವರು ಹೌದು ಎನ್ನಲು ‘ಹೋ’ ಎಂದರೆ, ಹೊಸದಾಗಿ ಆ ಕಡೆಯಿಂದ ಬಂದ ಕನ್ನಡದವನು ನನ್ನನ್ನು ಹೋಗು ಎಂದರೇನೋ ಎಂದು ಎದ್ದು ನಿಲ್ಲುತ್ತಾನೆ. ಇವು ನಗುವ ಮಾತಾಯಿತು. ಕೌಂಟರಿನಲ್ಲಿ ನಗು ಬರುತ್ತಿರಲಿಲ್ಲ. ಮುದುಕರೊಬ್ಬರು ಹಲ್ಲಿಲ್ಲದ ಬಾಯಲ್ಲಿ ‘ಸಾತ ಹಜಾರ’ ಎಂದರೋ ‘ಸಾಠ ಹಜಾರ’ ಎಂದರೋ? ಒಂದು ಏಳು ಸಾವಿರ, ಇನ್ನೊಂದು ಅರವತ್ತು ಸಾವಿರ. ‘ದೀಡ’, ‘ಅಡೀಚ’, ‘ಪಾವಣೆ ದೋನ’ ಎಂಬ ಲೆಕ್ಕಗಳಂತೂ ಬೇರೆಯೇ. ಅದಕ್ಕಾಗಿ ನಾನು ಒಂದು ರೂಢಿ ಇಟ್ಟುಕೊಂಡಿದ್ದೆ. ಅವರು ಮರಾಠಿಯಲ್ಲಿ ಹೇಳಿದ ಮೊತ್ತವನ್ನು ನಾನು ಕನ್ನಡದಲ್ಲಿ ತಿರುಗಿಸಿ ಹೇಳುತ್ತಿದ್ದೆ, ಕನ್ನಡದಲ್ಲಿ ಹೇಳಿದರೆ ಮರಾಠಿಯಲ್ಲಿ. ಅವರು ತಲೆಯಾಡಿಸಿದ ಮೇಲೆಯೇ ಲೇಖಣಿ ಎತ್ತುವುದು.

ವಿಮಾನದವರಿಗೂ ಇದೇ ನಿಯಮ. ನೆಲದವನು ಎತ್ತರ, ದಿಕ್ಕು ಹೇಳಿದರೆ ಮೇಲಿನವನು ಅದನ್ನು ಅಂಕಿ ಸಹಿತ ತಿರುಗಿಸಿ ಹೇಳಬೇಕು. ಬರೀ ‘ಆಯಿತು’ ಎಂದರೆ ನಡೆಯದು. ಕೆಳಗಿನವನು ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಿದ್ದಬೇಕು. ಒಂದೇ ರೇಡಿಯೋ ಹಾದಿಯಲ್ಲಿ ಹತ್ತಾರು ವಿಮಾನಗಳು ಮಾತನಾಡುತ್ತಿರುತ್ತವೆ. ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ ಕಿರ್ರೆಂಬ ಸದ್ದು ಮಾತ್ರ ಕೇಳುತ್ತದೆ. ಇಂಗ್ಲಿಷಿನ ಅಂಕಿಗಳನ್ನೂ ಅವರು ಬೇರೆ ರೀತಿ ಉಚ್ಚರಿಸುತ್ತಾರೆ. ಒಂಬತ್ತಕ್ಕೆ ‘ನೈನ್’ ಎನ್ನದೆ ‘ನೈನರ್’ ಎನ್ನುತ್ತಾರೆ, ಐದರೊಡನೆ ಬೆರೆಯಬಾರದೆಂದು. ಇದು ಅತಿಯಾಯಿತು ಎನ್ನುವವರಿಗೆ 1989ರ ಫೆಬ್ರವರಿ 19ರ ಒಂದು ಸಂಗತಿ ಸಾಕು. ಮಲೇಷ್ಯಾದ ಕೌಲಾಲಂಪುರದಲ್ಲಿ ಸರಕಿನ ವಿಮಾನವೊಂದಕ್ಕೆ 2400 ಅಡಿಗೆ ಇಳಿಯಲು ಹೇಳಿದರು, ಒಂದೊಂದೇ ಅಂಕಿಯಾಗಿ: ಟೂ, ಫೋರ್, ಝೀರೋ, ಝೀರೋ. ಎರಡು ಎನ್ನುವುದಕ್ಕೂ ‘ಟೂ’, ಅಷ್ಟಕ್ಕೆ ಎನ್ನುವುದಕ್ಕೂ ‘ಟು’. ಕೇಳಿದವರು ನಾಲ್ಕು ನೂರಕ್ಕೆ ಎಂದು ತಿಳಿದರು. ತಿರುಗಿಸಿ ಹೇಳಿದ್ದೂ ಹಾಗೆಯೇ. ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಹೋದರು.

ಅತ್ಯಂತ ದೊಡ್ಡದು 1977ರ ಮಾರ್ಚ್ 27ರದು. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದಾಗ ನೆಲದ ಮೇಲೆಯೇ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹಾಲೆಂಡಿನ ಕ್ಯಾಪ್ಟನ್ನರಿಗೆ ಅಂದಿನ ಕೆಲಸದ ಅವಧಿ ಮುಗಿಯುತ್ತ ಬಂದಿತ್ತು, ಹೊರಡುವ ಅವಸರವಿತ್ತು. ‘ನಾವು ಈಗ ಏರುವುದರಲ್ಲಿ ಇದ್ದೇವೆ’ ಎಂಬ ಅರ್ಥದ ಮಾತು ಅವರ ವಿಮಾನದಿಂದ ಬಂತು. ಏರುತ್ತಿದ್ದೇವೆ ಎಂದೋ, ಏರಲು ಸಿದ್ಧ ನಿಂತಿದ್ದೇವೆ ಎಂದೋ? ನಿಯಂತ್ರಕ ಎರಡನೆಯದೆಂದು ತಿಳಿದು ‘ಓಕೆ’ ಎಂದ. ಮುಂದೆ, ತಡೆಯಿರಿ, ಕರೆಯುತ್ತೇನೆ ಎಂದದ್ದು ಇನ್ನೊಂದು ವಿಮಾನದ ದನಿಯೊಡನೆ ಬೆರೆತು ಕಿರ್ರೆಂದಿತು. ನಮ್ಮಲ್ಲಿ ಎದುರಿಗೆ ಇರುವವನು ‘ಹೂಂ’ ಎಂದರೆ ಕೇಳಿಸಿಕೊಂಡ ಎಂದೂ ಆಗುತ್ತದೆ, ಒಪ್ಪಿದ ಎಂದೂ ಆಗುತ್ತದೆ. ಮದುವೆಯ ಮಾತುಕತೆಯಲ್ಲಿ, ಹೊಲದ ಬದುವಿನ ತಕರಾರಿನಲ್ಲಿ ಈ ‘ಹೂಂ’ ಎಷ್ಟು ಜಗಳ ತಂದಿದೆ ಎಂದು ತಾವೇ ನೆನಪಿಸಿಕೊಳ್ಳಿ. ಟೆನೆರಿಫ್ ನಂತರ ‘ಟೇಕಾಫ್’ ಎಂಬ ಶಬ್ದವನ್ನು ನಿಜವಾಗಿ ಏರಲು ಅಪ್ಪಣೆ ಕೊಡುವಾಗ ಇಲ್ಲವೆ ಅದನ್ನು ರದ್ದು ಮಾಡುವಾಗ ಬಿಟ್ಟು ಬೇರೆ ಯಾವಾಗಲೂ ಬಳಸಬಾರದೆಂದು ನಿಯಮ ಮಾಡಿದರು.

ನಮ್ಮ ದೇಶದಲ್ಲಿಯೂ ಆಗಿದೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರಖಿ ದಾದರಿಯ ಮೇಲೆ, ದಿಲ್ಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೂ ದಿಲ್ಲಿಗೆ ಇಳಿಯುತ್ತಿದ್ದ ಕಝಾಕಿಸ್ತಾನದ ವಿಮಾನಕ್ಕೂ ಆಕಾಶದಲ್ಲಿಯೇ ಡಿಕ್ಕಿ. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಿದ್ದದ್ದು ಹೊಲಗಳಲ್ಲಿ. ಕಝಾಕ್ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಿತ್ತು, ಸೌದಿ ವಿಮಾನಕ್ಕೆ 14,000 ಕೊಟ್ಟಿದ್ದರು. ಕಝಾಕ್ ವಿಮಾನ ಕೆಳಗೆ ಇಳಿಯಿತು. ನ್ಯಾಯಮೂರ್ತಿ ಆರ್. ಸಿ. ಲಾಹೋಟಿಯವರ ಆಯೋಗ ಅದಕ್ಕೆ ಕಾರಣಗಳನ್ನು ಹೇಳುವಾಗ, ಆ ಸಿಬ್ಬಂದಿಗೆ ಇಂಗ್ಲಿಷ್ ಸಾಲದಿದ್ದುದನ್ನೂ ಸೇರಿಸಿತು. ಆ ವಿಮಾನದಲ್ಲಿ ನೆಲದೊಡನೆ ಮಾತನಾಡುತ್ತಿದ್ದವನು ರೇಡಿಯೋದವನು, ವಿಮಾನ ನಡೆಸುವವನಲ್ಲ. ಅವನು ಎತ್ತರ ನೋಡಬೇಕಾದರೆ ಮುಂದೆ ಕುಳಿತ ಪೈಲಟ್‌ಗಳ ಹೆಗಲ ಮೇಲಿಂದ ಇಣುಕಬೇಕಿತ್ತು. ಕೇಳಿದವನೊಬ್ಬ, ಮಾಡುವವನೊಬ್ಬ. ಆಮೇಲೆ ಭಾರತ ತನ್ನ ಆಕಾಶಕ್ಕೆ ಬರುವ ದೊಡ್ಡ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಯಂತ್ರ ಇರಲೇಬೇಕೆಂದಿತು. 2008ರಿಂದ ಅಂತರರಾಷ್ಟ್ರೀಯವಾಗಿ ಹಾರುವ ಪೈಲಟ್‌ಗಳಿಗೂ ಅವರೊಡನೆ ಮಾತನಾಡುವ ನಿಯಂತ್ರಕರಿಗೂ ಇಂಗ್ಲಿಷ್ ಮಾತಿನ ಪರೀಕ್ಷೆ ಬಂತು. ಆರು ಮೆಟ್ಟಿಲಲ್ಲಿ ನಾಲ್ಕನೆಯದನ್ನಾದರೂ ಮುಟ್ಟಬೇಕು. ಸುಂದರ ಇಂಗ್ಲಿಷ್ ಅವರಿಗೆ ಬೇಕಿಲ್ಲ. ತಿಳಿಯದಿದ್ದಾಗ ತಿಳಿಯಲಿಲ್ಲ, ಮತ್ತೆ ಹೇಳಿ ಎನ್ನಲು ಬರಬೇಕು. ನಮ್ಮ ಮಕ್ಕಳು ಸಾಂಗ್ಲಿಯ ಕಚೇರಿಗೆ ಹೋಗಿ ಮರಾಠಿ ಅರ್ಧ ತಿಳಿದಾಗ ನಾಚಿಕೆಯಿಂದ ತಲೆಯಾಡಿಸಿ ಬರುತ್ತಾರೆ, ಮನೆಗೆ ಬಂದು ಕಾಗದ ಬಿಡಿಸಿ ಇದೇನು ಎನ್ನುತ್ತಾರೆ. ಅವರಿಗೂ ಆ ಒಂದು ವಾಕ್ಯ ಎರಡೂ ಭಾಷೆಯಲ್ಲಿ ಬಾಯಿಪಾಠವಿದ್ದರೆ ಒಳ್ಳೆಯದು.

ನಿದ್ದೆಯ ವಿಷಯದಲ್ಲಿ ಮುಂದೇನಾಯಿತು? ಪೈಲಟ್‌ಗಳ ಕೆಲಸದ ತಾಸು ಮತ್ತು ಬಿಡುವಿನ ಬಗ್ಗೆ ಸರ್ಕಾರ 2011ರಲ್ಲಿ ನಿಯಮ ತಂದಿತು, 2024ರ ಜನವರಿಯಲ್ಲಿ ಇನ್ನೂ ಬಿಗಿ ಮಾಡಿತು. ವಾರದ ಬಿಡುವು 36 ತಾಸಿನಿಂದ 48 ತಾಸು. ರಾತ್ರಿ ಎಂದರೆ ಹನ್ನೆರಡರಿಂದ ಬೆಳಿಗ್ಗೆ ಆರರ ತನಕ, ಮೊದಲು ಐದರ ತನಕ ಇತ್ತು. ಆ ಹೊತ್ತಿನಲ್ಲಿ ಇಳಿಸುವುದು ಆರು ಸಲದ ಬದಲು ಎರಡೇ ಸಲ. ಕಂಪನಿಗಳು ಹೆಚ್ಚು ಪೈಲಟ್‌ಗಳು ಬೇಕಾಗುತ್ತಾರೆಂದು ತಕರಾರು ಮಾಡಿದವು. ಜಾರಿ ಮುಂದಕ್ಕೆ ಹೋಯಿತು. ಕೊನೆಗೆ 2025ರಲ್ಲಿ ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ ಎರಡು ಕಂತಿನಲ್ಲಿ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಕಂಪನಿಯ ಸಾವಿರಾರು ವಿಮಾನಗಳು ರದ್ದಾಗಿ ಜನ ನಿಲ್ದಾಣಗಳಲ್ಲಿ ನೆಲದ ಮೇಲೆ ಮಲಗಿದ್ದನ್ನು ತಾವು ಟಿ.ವಿ.ಯಲ್ಲಿ ನೋಡಿರಬಹುದು. ಆಗ ರಾತ್ರಿಯ ನಿಯಮಗಳಿಂದ ಆ ಕಂಪನಿಗೆ ಕೆಲಕಾಲ ವಿನಾಯಿತಿ ಸಿಕ್ಕಿತು. ಮದುವೆ ತಪ್ಪಿದವರ, ಆಸ್ಪತ್ರೆಗೆ ಹೊರಟವರ ಸಿಟ್ಟು ನನಗೆ ತಿಳಿಯುತ್ತದೆ. ಆದರೂ ಎರಡು ವರ್ಷ ಮುಂಚೆ ಬರೆದಿಟ್ಟ ನಿಯಮಕ್ಕೆ ಜನರನ್ನು ನೇಮಿಸಿಕೊಳ್ಳದೆ ಕುಳಿತದ್ದು ಯಾರ ಲೆಕ್ಕ ಎಂದು ಕೇಳಬೇಕಾಗುತ್ತದೆ. ನಿದ್ದೆಯನ್ನು ವಿನಾಯಿತಿ ಕೊಟ್ಟು ಮುಂದೂಡಲು ಬರುವುದಿಲ್ಲ.

ಕೊನೆಯದಾಗಿ, ಊರಿನ ಹೈಸ್ಕೂಲಿನ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸುತ್ತೇನೆ. ಪೈಲಟ್ ಕನ್ನಡದವನಾಗಿ, ಬೆಂಗಳೂರಿನ ಟವರಿನಲ್ಲಿ ಕುಳಿತವನೂ ಕನ್ನಡದವನಾಗಿದ್ದರೆ ಅವರು ಕನ್ನಡದಲ್ಲಿಯೇ ಮಾತನಾಡಬಹುದಲ್ಲವೇ ಎಂದು ಕೇಳಿದ. ಅವರಿಬ್ಬರಿಗೆ ತಿಳಿಯುತ್ತದೆ, ನಿಜ. ಆದರೆ ಅದೇ ರೇಡಿಯೋ ಹಾದಿಯಲ್ಲಿ ಪಂಜಾಬಿನವನಿರುತ್ತಾನೆ, ಜರ್ಮನಿಯವನಿರುತ್ತಾನೆ. ತನ್ನ ಮುಂದಿನ ವಿಮಾನಕ್ಕೆ ಏನು ಹೇಳಿದರು ಎಂಬುದು ಅವನ ಕಿವಿಗೂ ಬೀಳಬೇಕು, ಬಿದ್ದದ್ದು ತಿಳಿಯಬೇಕು. ಪ್ರಯಾಣಿಕರಿಗೆ ಮಾತ್ರ ಕ್ಯಾಪ್ಟನ್ ಕನ್ನಡದಲ್ಲಿ ನಮಸ್ಕಾರ ಹೇಳಬಹುದು, ಹೇಳುವವರು ಇದ್ದಾರೆ.